ಪಿನ್‌ಬಾಲ್ ಯಂತ್ರದ ಸರ್ಕ್ಯೂಟ್ ಬೋರ್ಡ್ ದುರಸ್ತಿ

ಪಿನ್‌ಬಾಲ್ ಯಂತ್ರದ ಸರ್ಕ್ಯೂಟ್ ಬೋರ್ಡ್ ದುರಸ್ತಿ ಎಂಬುದು ಪಿನ್‌ಬಾಲ್ ಆಟದ ಯಂತ್ರಗಳನ್ನು ನಿಯಂತ್ರಿಸುವ ವಿದ್ಯುನ್ಮಾನ ಬೋರ್ಡುಗಳಲ್ಲಿನ ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವ ಕೆಲಸವಾಗಿದೆ. ಪಿನ್‌ಬಾಲ್ ಎಂದರೆ ಇಳಿಜಾರಾದ, ಗಾಜು ಮುಚ್ಚಿದ ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಚಿಮ್ಮಿಸಿ, ಅದು ಕೆಳಗೆ ಬಿದ್ದುಹೋಗದಂತೆ ಫ್ಲಿಪ್ಪರ್ ಎಂಬ ಪುಟ್ಟ ತೋಳುಗಳಿಂದ ತಡೆಯುತ್ತ ಅಂಕ ಗಳಿಸುವ ಆಟ. ಈ ಯಂತ್ರಗಳ ಬೋರ್ಡುಗಳಲ್ಲಿ ಬಹುಪಾಲು ಕೆಡುವುದು ಚಿಪ್‌ಗಳು ತಾವಾಗಿ ಸಾಯುವುದರಿಂದಲ್ಲ; ಸೋರಿದ ಬ್ಯಾಟರಿ, ಸವೆದ ಸಂಪರ್ಕ ಹಾಗೂ ಸುಟ್ಟ ಸುರುಳಿಗಳಿಂದ. ಆದುದರಿಂದ ಮೂಲ ಕಾರಣವನ್ನು ನಿವಾರಿಸದೆ ಬಿಡಿಭಾಗವನ್ನಷ್ಟೇ ಬದಲಾಯಿಸಿದರೆ ಹೊಸ ಭಾಗವೂ ಅದೇ ರೀತಿ ಹಾಳಾಗುತ್ತದೆ. ಈ ಲೇಖನವು 1977ರಿಂದ ಅಮೆರಿಕದ ಬ್ಯಾಲಿ ಸಂಸ್ಥೆಯು ಬಳಸಿದ ಎಎಸ್-2518 ಸರಣಿಯ ಬೋರ್ಡುಗಳನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡು ದುರಸ್ತಿಯ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

1970ರ ದಶಕದ ಮಧ್ಯಭಾಗದವರೆಗೆ ಪಿನ್‌ಬಾಲ್ ಯಂತ್ರಗಳು ವಿದ್ಯುತ್-ಯಾಂತ್ರಿಕ ಸ್ವರೂಪದವಾಗಿದ್ದವು. ರಿಲೇಗಳು, ಹೆಜ್ಜೆಹೆಜ್ಜೆಯಾಗಿ ತಿರುಗುವ ಚಕ್ರಗಳು ಮತ್ತು ಅಂಕ ತೋರಿಸುವ ಉರುಳೆಗಳು ಆಟದ ನಿಯಮಗಳನ್ನು ನಡೆಸುತ್ತಿದ್ದವು. 1975ರಲ್ಲಿ ಮಿರ್ಕೊ ಗೇಮ್ಸ್ ಸಂಸ್ಥೆಯ ‘ಸ್ಪಿರಿಟ್ ಆಫ್ 76’ ಯಂತ್ರವು ಮೈಕ್ರೊಪ್ರೊಸೆಸರ್ ಬಳಸಿ ಮಾರುಕಟ್ಟೆಗೆ ಬಂದಿತು. 1977ರಲ್ಲಿ ಬ್ಯಾಲಿ, ವಿಲಿಯಮ್ಸ್ ಮತ್ತು ಗಾಟ್ಲೀಬ್ ಸಂಸ್ಥೆಗಳು ಮೈಕ್ರೊಪ್ರೊಸೆಸರ್ ನಿಯಂತ್ರಿತ ಯಂತ್ರಗಳನ್ನು ಹೊರತಂದವು. ಕೆಲವೇ ವರ್ಷಗಳಲ್ಲಿ ಹಳೆಯ ಪದ್ಧತಿಯು ಮರೆಯಾಯಿತು.

ಬ್ಯಾಲಿಯ ‘ಏಯ್ಟ್ ಬಾಲ್’ (1977), ‘ಕಿಸ್’ (1979) ಮುಂತಾದ ಜನಪ್ರಿಯ ಯಂತ್ರಗಳು ಎಎಸ್-2518 ಸರಣಿಯ ಬೋರ್ಡುಗಳಿಂದ ನಡೆಯುತ್ತವೆ. ಈ ಸರಣಿಯ ಮುಖ್ಯ ಬೋರ್ಡಿನಲ್ಲಿ ಎಎಸ್-2518-17 ಹಾಗೂ ಅನಂತರ ಬಂದ ಎಎಸ್-2518-35 ಎಂಬ ಎರಡು ರೂಪಗಳು ಪ್ರಮುಖವಾದವು. ಸ್ಟರ್ನ್ ಸಂಸ್ಥೆಯ ಎಂಪಿಯು-100 ಮತ್ತು ಎಂಪಿಯು-200 ಬೋರ್ಡುಗಳು ಇವನ್ನೇ ಬಹುವಾಗಿ ಹೋಲುವುದರಿಂದ ಇಲ್ಲಿ ಹೇಳಿರುವ ಕ್ರಮವು ಅವುಗಳಿಗೂ ಬಹುಪಾಲು ಅನ್ವಯಿಸುತ್ತದೆ.

ಬೋರ್ಡುಗಳ ರಚನೆ

ಯಂತ್ರದ ಹಿಂಭಾಗದಲ್ಲಿ ಎದ್ದುನಿಂತಿರುವ ಚಿತ್ರಫಲಕದ ಪೆಟ್ಟಿಗೆಯೊಳಗೆ ಬೋರ್ಡುಗಳನ್ನು ಅಳವಡಿಸಲಾಗಿರುತ್ತದೆ. ಅವುಗಳ ಕೆಲಸಗಳು ಹೀಗಿವೆ:

• ರೆಕ್ಟಿಫೈಯರ್ ಬೋರ್ಡ್: ಟ್ರಾನ್ಸ್‌ಫಾರ್ಮರಿನಿಂದ ಬಂದ ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಫ್ಯೂಸುಗಳು ಇದರ ಮೇಲಿರುತ್ತವೆ.
• ಸಾಲೆನಾಯ್ಡ್ ಚಾಲಕ ಬೋರ್ಡ್: ಸುರುಳಿಗಳನ್ನು ಸುಮಾರು 43 ವೋಲ್ಟ್ ವಿದ್ಯುತ್ತಿನಿಂದ ನಡೆಸುವ ಟ್ರಾನ್ಸಿಸ್ಟರುಗಳು ಇದರಲ್ಲಿವೆ. 5 ವೋಲ್ಟ್ ಪೂರೈಕೆಯ ನಿಯಂತ್ರಕವೂ ಅಂಕಫಲಕಗಳಿಗೆ ಬೇಕಾದ ಸುಮಾರು 190 ವೋಲ್ಟ್ ಪೂರೈಕೆಯ ನಿಯಂತ್ರಕವೂ ಇದೇ ಬೋರ್ಡಿನಲ್ಲಿವೆ.
• ದೀಪ ಚಾಲಕ ಬೋರ್ಡ್: ಆಟದ ಹಲಗೆಯ ದೀಪಗಳನ್ನು ಎಸ್‌ಸಿಆರ್ ಎಂಬ ಅರೆವಾಹಕಗಳ ಮೂಲಕ ಹೊತ್ತಿಸುತ್ತದೆ.
• ಅಂಕಫಲಕಗಳು: ಆಟಗಾರರ ಅಂಕಗಳನ್ನು ಕಿತ್ತಳೆ ಬಣ್ಣದಲ್ಲಿ ಬೆಳಗುವ ಅಂಕೆಗಳಾಗಿ ತೋರಿಸುತ್ತವೆ.
• ಎಂಪಿಯು ಬೋರ್ಡ್: ಯಂತ್ರದ ಮೆದುಳು. ಇದರಲ್ಲಿ 6800 ಮೈಕ್ರೊಪ್ರೊಸೆಸರ್, ಆಟದ ಕ್ರಮವಿಧಿಯನ್ನು ಹೊತ್ತ ರಾಮ್ ಚಿಪ್‌ಗಳು (ಓದಲು ಮಾತ್ರ ಬರುವ ಸ್ಮರಣಕೋಶಗಳು), 6810 ಮತ್ತು 5101 ಎಂಬ ಎರಡು ತಾತ್ಕಾಲಿಕ ಸ್ಮರಣಕೋಶಗಳು ಹಾಗೂ ಹೊರಗಿನ ಭಾಗಗಳೊಡನೆ ವ್ಯವಹರಿಸುವ ಎರಡು ಪಿಐಎ ಚಿಪ್‌ಗಳು ಇವೆ.

5101 ಸ್ಮರಣಕೋಶವು ಗರಿಷ್ಠ ಅಂಕ, ಲೆಕ್ಕಪತ್ರ, ಮಾಲೀಕನ ಆಯ್ಕೆ ಇತ್ಯಾದಿಗಳನ್ನು ಯಂತ್ರ ಆರಿಸಿದ ಮೇಲೂ ಉಳಿಸಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಎಂಪಿಯು ಬೋರ್ಡಿಗೇ ಬೆಸೆಯಲಾಗಿತ್ತು. ಈ ಬೋರ್ಡುಗಳ ಅವಸಾನಕ್ಕೆ ಅತಿ ಹೆಚ್ಚು ಕಾರಣವಾದದ್ದು ಇದೇ ಬ್ಯಾಟರಿ.

ಹಾಳಾಗಲು ಮುಖ್ಯ ಕಾರಣಗಳು

ಬ್ಯಾಟರಿ ಸೋರಿಕೆ: ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪ್ರಬಲವಾದ ಕ್ಷಾರ. ಅದು ತಾಮ್ರದ ಹಾದಿಗಳನ್ನೂ ಚಿಪ್ ಸಾಕೆಟ್‌ಗಳನ್ನೂ ಸಂಪರ್ಕ ಕಡ್ಡಿಗಳನ್ನೂ ತಿನ್ನುತ್ತದೆ. ಹಸಿರು ಅಥವಾ ಬೂದು ಬಣ್ಣದ ಪುಡಿಯೇ ಅದರ ಗುರುತು. ಬ್ಯಾಟರಿಯ ಸಮೀಪದಲ್ಲಿರುವ ರೀಸೆಟ್ ವಿಭಾಗವು ಮೊದಲು ಹಾನಿಗೊಳಗಾಗುತ್ತದೆ.

ಸಂಪರ್ಕಗಳ ಸವೆತ: ಆಟದ ಸತತ ಅದುರುವಿಕೆಯಿಂದ ಸಂಪರ್ಕ ಕಡ್ಡಿಗಳ ಬುಡದ ಬೆಸುಗೆಯಲ್ಲಿ ಉಂಗುರಾಕಾರದ ಬಿರುಕು ಮೂಡುತ್ತದೆ. ಹೆಚ್ಚಿನ ವಿದ್ಯುತ್ ಹರಿಯುವ ಕನೆಕ್ಟರುಗಳು ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗುತ್ತವೆ.

ಸುರುಳಿ ಮತ್ತು ಡಯೋಡ್ ದೋಷ: ಹಲಗೆಯ ಕೆಳಗಿರುವ ಸುರುಳಿಯು ಒಳಗೇ ಕೂಡಿಕೊಂಡರೆ ಅಥವಾ ಅದರ ಡಯೋಡ್ ಮುರಿದರೆ ಚಾಲಕ ಬೋರ್ಡಿನ ಟ್ರಾನ್ಸಿಸ್ಟರ್ ಸುಡುತ್ತದೆ.

ಹಿಂದಿನ ಅರೆಬರೆ ದುರಸ್ತಿ: ನಿಗದಿತ ಮಿತಿಗಿಂತ ದೊಡ್ಡ ಫ್ಯೂಸ್ ಹಾಕಿರುವುದು, ಅತಿಯಾದ ಶಾಖದಿಂದ ತಾಮ್ರದ ಹಾದಿ ಕಿತ್ತುಬಂದಿರುವುದು, ತಪ್ಪು ದಿಕ್ಕಿಗೆ ಚಿಪ್ ಕೂರಿಸಿರುವುದು ಇತ್ಯಾದಿ.

ಸುರಕ್ಷತೆ

ಬೋರ್ಡಿನ ಯಾವುದೇ ಕನೆಕ್ಟರನ್ನು ಕಳಚುವ ಅಥವಾ ಜೋಡಿಸುವ ಮೊದಲು ಯಂತ್ರವನ್ನು ಆರಿಸಿ ಪ್ಲಗ್ ತೆಗೆಯಬೇಕು. ಅಂಕಫಲಕದ ಅಧಿಕ ವೋಲ್ಟೇಜ್ ಪೂರೈಕೆಯ ಧಾರಕಗಳು ಯಂತ್ರ ಆರಿದ ಮೇಲೂ ಸ್ವಲ್ಪಕಾಲ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದರಿಂದ ಆ ಭಾಗವನ್ನು ಮುಟ್ಟುವ ಮುನ್ನ ಮೀಟರಿನಿಂದ ಅಳೆದು ನೋಡುವುದು ಅಗತ್ಯ. ಅಮೆರಿಕದ ಮನೆಬಳಕೆಯ ವಿದ್ಯುತ್ತು 120 ವೋಲ್ಟ್, ಭಾರತದ್ದು 230 ವೋಲ್ಟ್. ಆದ್ದರಿಂದ ಬೇರೆ ದೇಶದಿಂದ ತಂದ ಯಂತ್ರವನ್ನು ಚಾಲೂ ಮಾಡುವ ಮೊದಲು ಅದರ ಟ್ರಾನ್ಸ್‌ಫಾರ್ಮರಿನ ಜೋಡಣೆಯು ಸ್ಥಳೀಯ ವಿದ್ಯುತ್ತಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿಯ ಕ್ಷಾರವು ಚರ್ಮಕ್ಕೂ ಕಣ್ಣಿಗೂ ಹಾನಿಕರ. ಅದನ್ನು ತೆಗೆಯುವಾಗ ಕೈಗವಸು ಮತ್ತು ರಕ್ಷಣಾ ಕನ್ನಡಕ ಧರಿಸಬೇಕು.

ದೋಷಪತ್ತೆಯ ಕ್ರಮ

ವಿದ್ಯುತ್ ಪೂರೈಕೆಯ ಪರೀಕ್ಷೆ

ದೋಷಪತ್ತೆಯು ಚಿಪ್‌ಗಳಿಂದಲ್ಲ, ವಿದ್ಯುತ್ ಪೂರೈಕೆಯಿಂದ ಆರಂಭವಾಗುತ್ತದೆ. ಮೊದಲಿಗೆ ಎಲ್ಲ ಫ್ಯೂಸುಗಳನ್ನು ಹಿಡಿಕೆಯಿಂದ ಹೊರತೆಗೆದು ಮಲ್ಟಿಮೀಟರಿನಿಂದ ಪರೀಕ್ಷಿಸಲಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವ ಫ್ಯೂಸ್ ಒಳಗೆ ತುಂಡಾಗಿರಬಹುದು. ಅನಂತರ ಎಂಪಿಯು ಬೋರ್ಡಿನ ಮೇಲೆಯೇ 5 ವೋಲ್ಟ್ ಪೂರೈಕೆಯನ್ನು ಅಳೆಯಬೇಕು. ಅದು 4.75ರಿಂದ 5.25 ವೋಲ್ಟಿನ ನಡುವೆ ಇರತಕ್ಕದ್ದು. ಚಾಲಕ ಬೋರ್ಡಿನಲ್ಲಿ 5 ವೋಲ್ಟ್ ಇದ್ದು ಎಂಪಿಯು ಬೋರ್ಡಿನಲ್ಲಿ ಕಡಿಮೆ ಇದ್ದರೆ ನಡುವಿನ ಕನೆಕ್ಟರಿನಲ್ಲಿ ದೋಷವಿದೆ ಎಂದರ್ಥ.

ಮೀಟರನ್ನು ಪರ್ಯಾಯ ವಿದ್ಯುತ್ ಅಳತೆಗೆ ಬದಲಿಸಿ ಅದೇ ಬಿಂದುವಿನಲ್ಲಿ ಮತ್ತೆ ಅಳೆದಾಗ ಗಣನೀಯ ಮೌಲ್ಯ ಕಂಡುಬಂದರೆ ವಿದ್ಯುತ್ತನ್ನು ನಯಗೊಳಿಸುವ ದೊಡ್ಡ ಧಾರಕವು ದುರ್ಬಲವಾಗಿದೆ ಎಂದು ಊಹಿಸಬಹುದು. ಚಾಲಕ ಬೋರ್ಡಿನಲ್ಲಿರುವ ಸಿ23 ಎಂಬ 11,700 ಮೈಕ್ರೊಫ್ಯಾರಡ್ ಧಾರಕವು ಈ ಕೆಲಸ ಮಾಡುತ್ತದೆ. ದಶಕಗಳಷ್ಟು ಹಳೆಯದಾದ ಈ ಭಾಗವನ್ನು ದುರಸ್ತಿಯ ವೇಳೆ ಬದಲಾಯಿಸುವುದು ವಾಡಿಕೆ.

ಏಳು ಮಿನುಗುಗಳ ಸ್ವಯಂಪರೀಕ್ಷೆ

ಬ್ಯಾಲಿ ಎಂಪಿಯು ಬೋರ್ಡಿನಲ್ಲಿ ಒಂದು ಚಿಕ್ಕ ಎಲ್‌ಇಡಿ ದೀಪವಿದೆ. ಯಂತ್ರವನ್ನು ಚಾಲೂ ಮಾಡಿದಾಗ ಅದು ಒಮ್ಮೆ ಕ್ಷಣಮಾತ್ರ ಬೆಳಗಿ, ತುಸು ತಡೆದು, ಅನಂತರ ಏಳು ಬಾರಿ ಮಿನುಗುತ್ತದೆ. ಪ್ರತಿಯೊಂದು ಮಿನುಗೂ ಒಂದೊಂದು ಪರೀಕ್ಷೆಯಲ್ಲಿ ಬೋರ್ಡು ಉತ್ತೀರ್ಣವಾಯಿತೆಂಬ ಸೂಚನೆ. ಮಿನುಗು ಎಲ್ಲಿ ನಿಲ್ಲುತ್ತದೆಯೋ ಅದರ ಮುಂದಿನ ಪರೀಕ್ಷೆಯ ವಿಭಾಗದಲ್ಲಿ ದೋಷವನ್ನು ಹುಡುಕಬೇಕು.

• 1ನೆಯ ಮಿನುಗು: ಆಟದ ಕ್ರಮವಿಧಿಯ ರಾಮ್ ಚಿಪ್‌ಗಳು ಸರಿಯಾಗಿವೆ.
• 2ನೆಯ ಮಿನುಗು: 6810 ಸ್ಮರಣಕೋಶ (ಯು7) ಸರಿಯಾಗಿದೆ.
• 3ನೆಯ ಮಿನುಗು: 5101 ಸ್ಮರಣಕೋಶ (ಯು8) ಸರಿಯಾಗಿದೆ.
• 4ನೆಯ ಮಿನುಗು: ಮೊದಲ ಪಿಐಎ (ಯು10) ಸರಿಯಾಗಿದೆ.
• 5ನೆಯ ಮಿನುಗು: ಎರಡನೆಯ ಪಿಐಎ (ಯು11) ಸರಿಯಾಗಿದೆ.
• 6ನೆಯ ಮಿನುಗು: ಅಂಕಫಲಕಕ್ಕೆ ಕಾಲಸಂಕೇತ ನೀಡುವ 555 ಚಿಪ್ (ಯು12) ಕೆಲಸ ಮಾಡುತ್ತಿದೆ.
• 7ನೆಯ ಮಿನುಗು: ಸುರುಳಿಗಳ 43 ವೋಲ್ಟ್ ಪೂರೈಕೆ ಬೋರ್ಡನ್ನು ತಲುಪುತ್ತಿದೆ ಹಾಗೂ ಅದರ ಶೂನ್ಯಬಿಂದುವನ್ನು ಗುರುತಿಸುವ ಮಂಡಲ ಸರಿಯಾಗಿದೆ.

ಏಳನೆಯ ಮಿನುಗು ಬಾರದಿದ್ದಾಗ ದೋಷವು ಬೋರ್ಡಿನಲ್ಲೇ ಇಲ್ಲದಿರಬಹುದು. ಸುರುಳಿಗಳ ಫ್ಯೂಸ್ ಹೋಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಬೋರ್ಡನ್ನು ಯಂತ್ರದಿಂದ ತೆಗೆದು ಮೇಜಿನ ಮೇಲೆ 5 ಮತ್ತು 12 ವೋಲ್ಟ್ ಪೂರೈಕೆಯಿಂದ ಮಾತ್ರ ಪರೀಕ್ಷಿಸುವಾಗಲೂ ಆರು ಮಿನುಗುಗಳಷ್ಟೇ ಬರುತ್ತವೆ. ಇದನ್ನರಿಯದೆ ಒಳ್ಳೆಯ ಚಿಪ್‌ಗಳನ್ನು ಕಿತ್ತು ಬೋರ್ಡನ್ನು ಹಾಳುಮಾಡುವುದು ಹೊಸಬರಲ್ಲಿ ಸಾಮಾನ್ಯ.

ಮಿನುಗದ ಬೋರ್ಡ್

ಎಲ್‌ಇಡಿ ಒಂದೇ ಸಮನೆ ಉರಿಯುತ್ತಿದ್ದರೆ ಮೈಕ್ರೊಪ್ರೊಸೆಸರ್ ತನ್ನ ಕ್ರಮವಿಧಿಯನ್ನು ಓದಲು ಆರಂಭಿಸಿಲ್ಲ ಎಂದರ್ಥ. ಆಗ ಮೂರು ಅಂಶಗಳನ್ನು ಅನುಕ್ರಮವಾಗಿ ನೋಡಬೇಕು. ಮೊದಲನೆಯದು ವಿದ್ಯುತ್ತು: 6800 ಚಿಪ್ಪಿನ 8ನೆಯ ಕಾಲಿನಲ್ಲಿ 5 ವೋಲ್ಟ್ ಇರಬೇಕು. ಎರಡನೆಯದು ರೀಸೆಟ್: 40ನೆಯ ಕಾಲು ಚಾಲೂ ಮಾಡಿದೊಡನೆ ಕ್ಷಣಕಾಲ ಕೆಳಮಟ್ಟದಲ್ಲಿದ್ದು ಬಳಿಕ 5 ವೋಲ್ಟಿನ ಸಮೀಪಕ್ಕೆ ಏರಿ ನಿಲ್ಲಬೇಕು, ಏರದಿದ್ದರೆ ಬ್ಯಾಟರಿಯ ಕ್ಷಾರಕ್ಕೆ ತುತ್ತಾದ ರೀಸೆಟ್ ವಿಭಾಗವನ್ನು ಸರಿಪಡಿಸಬೇಕು. ಮೂರನೆಯದು ಕಾಲಸಂಕೇತ: 3 ಮತ್ತು 37ನೆಯ ಕಾಲುಗಳಲ್ಲಿ ಮಿಡಿತವಿರುವುದನ್ನು ಆಸಿಲೋಸ್ಕೋಪ್ ಅಥವಾ ಲಾಜಿಕ್ ಪ್ರೋಬಿನಿಂದ ಕಾಣಬಹುದು. ಈ ಮೂರೂ ಸರಿಯಾಗಿದ್ದರೆ ಮಾತ್ರ ಸಂದೇಹವು ಮೈಕ್ರೊಪ್ರೊಸೆಸರ್, ರಾಮ್ ಚಿಪ್‌ಗಳು ಹಾಗೂ ಅವುಗಳ ಸಾಕೆಟ್‌ಗಳ ಕಡೆಗೆ ತಿರುಗುತ್ತದೆ.

ಇವುಗಳಲ್ಲಿಯೂ ಮೊದಲು ಸಂದೇಹಿಸಬೇಕಾದದ್ದು ಸಾಕೆಟ್. ದಶಕಗಳ ಬಳಕೆಯಿಂದ ಅದರ ಒಳಗಿನ ಹಿಡಿತ ಸಡಿಲಗೊಂಡು ಚಿಪ್ಪಿನ ಕಾಲಿಗೆ ಸರಿಯಾಗಿ ತಾಗುವುದಿಲ್ಲ. ಚಿಪ್ಪನ್ನು ಮೆಲ್ಲನೆ ಒತ್ತಿದಾಗ ಮಿನುಗು ಬದಲಾದರೆ ಸಾಕೆಟ್ಟನ್ನೇ ಬದಲಾಯಿಸುವುದು ಸೂಕ್ತ.

ಬ್ಯಾಟರಿ ಸೋರಿಕೆಯ ದುರಸ್ತಿ

ಸೋರಿದ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು ಮೊದಲ ಹೆಜ್ಜೆ. ಬಳಿಕ ಕ್ಷಾರ ತಗುಲಿದ ವಲಯದ ಎಲ್ಲ ಬಿಡಿಭಾಗಗಳನ್ನೂ ಬೆಸುಗೆ ಬಿಡಿಸಿ ತೆಗೆಯಬೇಕು. ಭಾಗಗಳ ಕೆಳಗೆ ಅಡಗಿ ಉಳಿದ ಕ್ಷಾರವು ತಿಂಗಳುಗಳ ನಂತರವೂ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ತೆರವಾದ ವಲಯದ ತಾಮ್ರವನ್ನು ನಯವಾದ ಮರಳುಕಾಗದದಿಂದ ಹೊಳಪು ಬರುವವರೆಗೆ ಉಜ್ಜಲಾಗುತ್ತದೆ, ಏಕೆಂದರೆ ಕ್ಷಾರ ಕಚ್ಚಿದ ಕಪ್ಪು ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ.

ಅನಂತರ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೊಳೆಯಲಾಗುತ್ತದೆ. ವಿನೆಗರಿನ ಆಮ್ಲವು ಕ್ಷಾರವನ್ನು ತಟಸ್ಥಗೊಳಿಸುತ್ತದೆ. ಕೆಲವರು ಇದಕ್ಕೆ ಅಡುಗೆ ಸೋಡಾ ಬಳಸುವುದುಂಟು. ಆದರೆ ಸೋಡಾವೂ ಕ್ಷಾರೀಯವಾದುದರಿಂದ ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಅದು ಆಮ್ಲ ಸೋರುವ ಬ್ಯಾಟರಿಗಳಿಗೆ ತಕ್ಕ ಉಪಾಯ. ವಿನೆಗರನ್ನು ಶುದ್ಧ ನೀರಿನಿಂದ ಸಂಪೂರ್ಣ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೋರ್ಡನ್ನು ಚೆನ್ನಾಗಿ ಒಣಗಿಸಬೇಕು.

ಒಣಗಿದ ಮೇಲೆ ವಿದ್ಯುನ್ಮಂಡಲದ ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಹಾದಿಯ ನಿರಂತರತೆಯನ್ನು ಮೀಟರಿನಿಂದ ಪರೀಕ್ಷಿಸಲಾಗುತ್ತದೆ. ತುಂಡಾದ ಹಾದಿಗೆ ತೆಳುವಾದ ತಂತಿಯನ್ನು ಬೆಸೆಯಬಹುದು. ಬೋರ್ಡಿನ ಎರಡು ಬದಿಗಳನ್ನು ಕೂಡಿಸುವ ಲೋಹಲೇಪಿತ ರಂಧ್ರಗಳನ್ನು ವಿಶೇಷವಾಗಿ ಗಮನಿಸಬೇಕು; ಮೇಲ್ನೋಟಕ್ಕೆ ಸರಿಯಾಗಿದ್ದರೂ ಒಳಗೆ ಅವು ಕಡಿದುಹೋಗಿರುತ್ತವೆ.

ಹೊಸ ಬ್ಯಾಟರಿಯನ್ನು ಮತ್ತೆ ಬೋರ್ಡಿಗೇ ಬೆಸೆದರೆ ಅದೇ ಅನಾಹುತ ಮರುಕಳಿಸುತ್ತದೆ. ಆದಕಾರಣ ಬ್ಯಾಟರಿಯ ಹಿಡಿಕೆಯನ್ನು ಬೋರ್ಡಿನಿಂದ ದೂರದಲ್ಲಿ, ಸೋರಿದರೂ ಬೋರ್ಡಿನ ಮೇಲೆ ಬೀಳದ ಕಡೆ ಇರಿಸಲಾಗುತ್ತದೆ. ಮೂಲ ಮಂಡಲವು ಬ್ಯಾಟರಿಗೆ ಮರುಪೂರಣ ಮಾಡುವಂತೆ ರಚಿತವಾಗಿದೆ. ಮರುಪೂರಣಕ್ಕೆ ಒಗ್ಗದ ಸಾಧಾರಣ ಎಎ ಸೆಲ್‌ಗಳನ್ನು ಬಳಸುವಾಗ ಹಿಮ್ಮುಖ ವಿದ್ಯುತ್ತನ್ನು ತಡೆಯುವ ಡಯೋಡನ್ನು ಕಡ್ಡಾಯವಾಗಿ ಜೋಡಿಸಬೇಕು. ಬ್ಯಾಟರಿಯ ಅಗತ್ಯವೇ ಇಲ್ಲದ ಶಾಶ್ವತ ಸ್ಮರಣಕೋಶವನ್ನು 5101ರ ಸ್ಥಾನದಲ್ಲಿ ಅಳವಡಿಸುವುದು ಇಂದಿನ ಉತ್ತಮ ಪರಿಹಾರಗಳಲ್ಲೊಂದು.

ಸುರುಳಿ ಚಾಲಕ ಮಂಡಲದ ದುರಸ್ತಿ

ಯಂತ್ರವನ್ನು ಚಾಲೂ ಮಾಡಿದೊಡನೆ, ಎಲ್‌ಇಡಿ ಮಿನುಗುವ ಮೊದಲೇ, ಸುರುಳಿಯೊಂದು ಎಳೆದುಕೊಂಡು ಹಾಗೆಯೇ ನಿಂತರೆ ಅದರ ಚಾಲಕ ಟ್ರಾನ್ಸಿಸ್ಟರ್ ಒಳಗೇ ಕೂಡಿಕೊಂಡಿರುವ ಸಂಭವ ಹೆಚ್ಚು. ಇಂತಹ ಯಂತ್ರವನ್ನು ತಕ್ಷಣ ಆರಿಸಬೇಕು. ಉದಾಹರಣೆಗೆ 10 ಓಮ್ ರೋಧದ ಸುರುಳಿಗೆ 43 ವೋಲ್ಟ್ ದೊರೆತಾಗ 4.3 ಆಂಪಿಯರ್ ಹರಿದು ಸುಮಾರು 185 ವ್ಯಾಟ್ ಶಾಖ ಹುಟ್ಟುತ್ತದೆ. ಕ್ಷಣಮಾತ್ರದ ಕೆಲಸಕ್ಕೆಂದು ಮಾಡಿದ ಸುರುಳಿಯು ಈ ಶಾಖವನ್ನು ತಾಳಲಾರದೆ ಕರಗಿ ಹೊಗೆಯಾಡುತ್ತದೆ; ಫ್ಯೂಸ್ ಮಿತಿಗಿಂತ ದೊಡ್ಡದಾಗಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಉಂಟು.

ಈ ಬೋರ್ಡಿನಲ್ಲಿ ಮೂಲತಃ ಎಸ್‌ಇ9302 ಟ್ರಾನ್ಸಿಸ್ಟರುಗಳಿದ್ದವು. ಈಗ ಅವುಗಳ ಬದಲಿಗೆ ಟಿಪ್102 ಬಳಸಲಾಗುತ್ತದೆ. ಟಿಪ್102ನ್ನು ಪರೀಕ್ಷಿಸಲು ಯಂತ್ರವನ್ನು ಆರಿಸಿ, ಮೀಟರನ್ನು ಡಯೋಡ್ ಪರೀಕ್ಷೆಗೆ ಹೊಂದಿಸಿ, ಕಪ್ಪು ತಂತಿಯನ್ನು ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೂ ಕೆಂಪು ತಂತಿಯನ್ನು ಹೊರಬದಿಯ ಎರಡು ಕಾಲುಗಳಿಗೆ ಒಂದಾದ ಮೇಲೊಂದರಂತೆಯೂ ತಾಗಿಸಲಾಗುತ್ತದೆ. ಎರಡೂ ಕಡೆ ಸುಮಾರು 0.4ರಿಂದ 0.6 ತೋರಬೇಕು. ಸೊನ್ನೆಯ ಸಮೀಪ ತೋರಿದರೆ ಟ್ರಾನ್ಸಿಸ್ಟರ್ ಕೆಟ್ಟಿದೆ.

ಟ್ರಾನ್ಸಿಸ್ಟರನ್ನು ಬದಲಾಯಿಸಿ ಅಲ್ಲಿಗೇ ನಿಲ್ಲಿಸುವಂತಿಲ್ಲ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಥಟ್ಟನೆ ನಿಂತಾಗ ಅದರ ಕಾಂತಕ್ಷೇತ್ರ ಕುಸಿದು ಪೂರೈಕೆಗಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜ್ ಹುಟ್ಟುತ್ತದೆ. ಸುರುಳಿಗೆ ಬೆಸೆದಿರುವ 1ಎನ್4004 ಡಯೋಡ್ ಅದನ್ನು ಸುರುಳಿಯೊಳಗೇ ಸುತ್ತಿಸಿ ತಣಿಸುತ್ತದೆ. ಡಯೋಡಿನ ಒಂದು ಕಾಲು ಅದುರುವಿಕೆಯಿಂದ ಮುರಿದಿದ್ದರೆ ಹೊಸ ಟ್ರಾನ್ಸಿಸ್ಟರ್ ಕೆಲವೇ ಹೊಡೆತಗಳಲ್ಲಿ ಸುಡುತ್ತದೆ. ಸುರುಳಿಯ ರೋಧವು ಎರಡು ಓಮ್‌ಗಿಂತ ಕೆಳಗಿಳಿದಿದ್ದರೆ ಅದು ಒಳಗೆ ಬೆಂದು ಕೂಡಿಕೊಂಡಿರುವ ಲಕ್ಷಣವಾದ್ದರಿಂದ ಸುರುಳಿಯನ್ನೂ ಬದಲಾಯಿಸಬೇಕು.

ಸ್ವಿಚ್ ಜಾಲದ ದೋಷಗಳು

ಈ ಯಂತ್ರಗಳಲ್ಲಿ ಐದು ಸಾಲು ಮತ್ತು ಎಂಟು ಪಂಕ್ತಿಗಳ ಜಾಲದ ಮೂಲಕ 40 ಸ್ವಿಚ್‌ಗಳನ್ನು ಓದಲಾಗುತ್ತದೆ. ಪ್ರತಿ ಸ್ವಿಚ್‌ಗೂ ಒಂದು ಡಯೋಡ್ ಇದ್ದು, ವಿದ್ಯುತ್ತು ಹಿಮ್ಮುಖವಾಗಿ ನುಸುಳದಂತೆ ತಡೆಯುತ್ತದೆ. ಡಯೋಡ್ ಕೂಡಿಕೊಂಡರೆ ಚೆಂಡು ತಾಗದ ಸ್ವಿಚ್ಚೂ ತಾಗಿದಂತೆ ತೋರಿ ಅಂಕಗಳು ತಪ್ಪಾಗಿ ಏರುತ್ತವೆ. ದೋಷವು ಬೋರ್ಡಿನಲ್ಲಿದೆಯೋ ಹಲಗೆಯಲ್ಲಿದೆಯೋ ಎಂದು ತಿಳಿಯಲು ಯಂತ್ರವನ್ನು ಸ್ವಿಚ್ ಪರೀಕ್ಷೆಯ ಸ್ಥಿತಿಯಲ್ಲಿಟ್ಟು ನೋಡಲಾಗುತ್ತದೆ. ಬಳಿಕ ಯಂತ್ರವನ್ನು ಆರಿಸಿ ಹಲಗೆಯ ಕನೆಕ್ಟರನ್ನು ಕಳಚಿ ಪುನಃ ಅದೇ ಪರೀಕ್ಷೆ ನಡೆಸಲಾಗುತ್ತದೆ. ಕಳಚಿದ ಮೇಲೂ ಮುಚ್ಚಿದ ಸ್ವಿಚ್ ತೋರಿದರೆ ದೋಷ ಬೋರ್ಡಿನದು, ಮರೆಯಾದರೆ ಹಲಗೆಯದು.

ಇತರ ತಯಾರಕರ ಬೋರ್ಡುಗಳು

ವಿಲಿಯಮ್ಸ್ ಸಂಸ್ಥೆಯ ಸಿಸ್ಟಮ್ 3ರಿಂದ 7ರವರೆಗಿನ ಯಂತ್ರಗಳಲ್ಲಿ ಮುಖ್ಯ ಬೋರ್ಡ್ ಮತ್ತು ಚಾಲಕ ಬೋರ್ಡುಗಳನ್ನು 40 ಕಡ್ಡಿಗಳ ಕನೆಕ್ಟರೊಂದು ಕೂಡಿಸುತ್ತದೆ. ಅದರ ಸವೆತವೇ ಅಲ್ಲಿ ಕಾಣುವ ಅನೇಕ ವಿಚಿತ್ರ ದೋಷಗಳಿಗೆ ಮೂಲ. 1990ರ ದಶಕದ ಡಬ್ಲ್ಯುಪಿಸಿ ಯಂತ್ರಗಳಲ್ಲಿ ಮೂರು ಎಎ ಸೆಲ್‌ಗಳನ್ನು ಮುಖ್ಯ ಬೋರ್ಡಿನ ಮೇಲೆಯೇ ಇರಿಸಲಾಗಿದ್ದು, ಅವೂ ಸೋರಿ ಹಾನಿ ಮಾಡುತ್ತವೆ. ಫ್ಲಿಪ್ಪರ್ ಒತ್ತಿದಾಗ ಆಟವೇ ಮೊದಲಿನಿಂದ ಆರಂಭವಾಗುವುದು ಈ ಯಂತ್ರಗಳ ಪ್ರಸಿದ್ಧ ದೋಷ. 5 ವೋಲ್ಟ್ ಪೂರೈಕೆ ಆ ಕ್ಷಣದಲ್ಲಿ ಕುಸಿಯುವುದೇ ಇದಕ್ಕೆ ಕಾರಣವಾಗಿದ್ದು, ಚಾಲಕ ಬೋರ್ಡಿನ ಬ್ರಿಡ್ಜ್ ರೆಕ್ಟಿಫೈಯರ್, ಧಾರಕ ಮತ್ತು ಕನೆಕ್ಟರುಗಳನ್ನು ಪರಿಶೀಲಿಸಬೇಕಾಗುತ್ತದೆ.

ಗಾಟ್ಲೀಬ್ ಸಿಸ್ಟಮ್ 1 ಯಂತ್ರಗಳು ರಾಕ್‌ವೆಲ್ ಸಂಸ್ಥೆಯ ಪಿಪಿಎಸ್-4 ಚಿಪ್‌ಗಳನ್ನು ಬಳಸುತ್ತವೆ. ಇವುಗಳ ತಯಾರಿಕೆ ಬಹುಕಾಲದ ಹಿಂದೆಯೇ ನಿಂತಿದೆ. ಇತರ ಸಾಧನಗಳಲ್ಲಿಯೂ ಇವು ಅಪರೂಪ. ಚಿಪ್ ಕೆಟ್ಟಲ್ಲಿ ಇನ್ನೊಂದು ಹಳೆಯ ಬೋರ್ಡಿನಿಂದ ತೆಗೆಯುವುದು ಅಥವಾ ಹೊಸದಾಗಿ ವಿನ್ಯಾಸಗೊಳಿಸಿದ ಬದಲಿ ಬೋರ್ಡನ್ನು ಅಳವಡಿಸುವುದೇ ದಾರಿ.

ದುರಸ್ತಿ ಮತ್ತು ಬದಲಾವಣೆ

ಹಳೆಯ ಬೋರ್ಡುಗಳ ಸ್ಥಾನದಲ್ಲಿ ಇಂದಿನ ಬಿಡಿಭಾಗಗಳಿಂದ ಮಾಡಿದ ಬದಲಿ ಬೋರ್ಡುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಒಂದೇ ಬೋರ್ಡು ಹಲವು ಆಟಗಳ ಕ್ರಮವಿಧಿಗಳನ್ನು ಹೊಂದಿರುವುದೂ ಬ್ಯಾಟರಿಯ ಅಗತ್ಯವಿಲ್ಲದಿರುವುದೂ ಅವುಗಳ ಅನುಕೂಲ. ಕ್ಷಾರವು ಬೋರ್ಡಿನ ದೊಡ್ಡ ಭಾಗವನ್ನು ತಿಂದಿರುವಾಗ ಬದಲಾವಣೆಯೇ ಸೂಕ್ತ. ಹಾನಿ ಸೀಮಿತವಾಗಿದ್ದರೆ ಮೂಲ ಬೋರ್ಡನ್ನು ಉಳಿಸಿಕೊಳ್ಳುವುದರಿಂದ ಯಂತ್ರವು ತಯಾರಾದ ಕಾಲದ ತಂತ್ರಜ್ಞಾನವೂ ಅದರೊಡನೆ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿರುವ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂ, ಲಾಸ್ ವೇಗಸ್‌ನ ಪಿನ್‌ಬಾಲ್ ಹಾಲ್ ಆಫ್ ಫೇಮ್ ಮೊದಲಾದ ಕಡೆ ಇಂತಹ ಯಂತ್ರಗಳು ಸಾರ್ವಜನಿಕರ ಆಟಕ್ಕೆ ಲಭ್ಯವಿವೆ.

ಯಾವುದನ್ನೇ ಆಯ್ದರೂ ಹೊಸ ಬೋರ್ಡನ್ನು ಜೋಡಿಸುವ ಮೊದಲು ವಿದ್ಯುತ್ ಪೂರೈಕೆ, ಕನೆಕ್ಟರುಗಳು, ಸುರುಳಿಗಳು ಮತ್ತು ಡಯೋಡುಗಳ ಪರೀಕ್ಷೆ ಮುಗಿದಿರಬೇಕು. ಹಳೆಯ ಬೋರ್ಡನ್ನು ಸುಟ್ಟ ದೋಷವು ಯಂತ್ರದಲ್ಲಿ ಉಳಿದುಕೊಂಡಿದ್ದರೆ ಬದಲಿ ಬೋರ್ಡನ್ನೂ ಅದು ಸುಡುತ್ತದೆ. ಕೆಲಸ ಮಾಡದ, ಮೂಲೆಯಲ್ಲಿರಿಸಿದ ಯಂತ್ರದಿಂದಲೂ ಬ್ಯಾಟರಿಯನ್ನು ಇಂದೇ ತೆಗೆದಿಡುವುದು, ಬೇರಾವ ದುರಸ್ತಿಯೂ ತಕ್ಷಣ ಸಾಧ್ಯವಾಗದಿದ್ದಾಗ, ಬೋರ್ಡನ್ನು ಉಳಿಸುವ ಅತಿ ಸುಲಭದ ಉಪಾಯವಾಗಿದೆ.